ಸಿಗಾರಿನ ರುಚಿ, ಓದಿನ ದನಿ

ಸಿಗಾರಿನ ಪರೀಕ್ಷಕರು ಹೊಗೆಯನ್ನು ಎದೆಗೆಳೆದುಕೊಳ್ಳುವುದಿಲ್ಲ. ಬಾಯಲ್ಲಿಯೇ ಕ್ಷಣಕಾಲ ಹಿಡಿದು ಮೆಣಸು, ಕೋಕೋ, ತೊಗಲುಗಳ ಛಾಯೆಯನ್ನು ಗುರುತಿಸಿ ಅಂಕ ಕೊಡುತ್ತಾರೆ. ಗಾಢವಾದ ಸಿಗಾರಿಗೆ ಕಸುವು ಬರುವುದು ಗಿಡದ ತುದಿಯಲ್ಲಿ ಹೆಚ್ಚು ಬಿಸಿಲುಂಡ ‘ಲಿಹೇರೊ’ ಎಲೆಯಿಂದ. ಕ್ಯೂಬಾದ ವುಯೆಲ್ತಾ ಅಬಾಹೊ ಪ್ರದೇಶವು ತಂಬಾಕಿಗೆ ಜಗತ್ಪ್ರಸಿದ್ಧ.

ಆದರೆ ಮೇಷ್ಟರಾಗಿದ್ದ ನನ್ನನ್ನು ಸೆಳೆದದ್ದು ಆ ಎಲೆ ಸುತ್ತಿದವರ ಚರಿತ್ರೆ. 1865ರಲ್ಲಿ ಹವಾನಾದ ಎಲ್ ಫಿಗಾರೊ ಕಾರ್ಖಾನೆಯಲ್ಲಿ, ಕೆಲಸಗಾರರು ಕೈ ನಿಲ್ಲಿಸದೆ ಕೇಳಲೆಂದು, ವಾಚಕನೊಬ್ಬನು ಗಟ್ಟಿಯಾಗಿ ಪತ್ರಿಕೆ, ಪುಸ್ತಕಗಳನ್ನು ಓದುವ ಪದ್ಧತಿ ಆರಂಭವಾಯಿತು. ವಾಚಕನ ಸಂಬಳವನ್ನು ಕೆಲಸಗಾರರೇ ಕೂಡಿಸಿ ಕೊಡುತ್ತಿದ್ದರು. ಅಕ್ಷರಕ್ಕೆ ಅಂಜಿದ ಸ್ಪ್ಯಾನಿಷ್ ಆಡಳಿತ 1866ರಲ್ಲಿ ಅದನ್ನು ನಿಷೇಧಿಸಿತು. ಓದು ಮತ್ತೆ ತಲೆಯೆತ್ತಿತು. 1935ರಲ್ಲಿ ಹುಟ್ಟಿದ ಮಾಂಟೆಕ್ರಿಸ್ಟೊ ಸಿಗಾರ್ ಇಂದಿಗೂ ದ್ಯೂಮಾನ ಕಾದಂಬರಿಯ ಹೆಸರನ್ನು ಹೊತ್ತಿದೆ.

ತಂಬಾಕು ದೇಹಕ್ಕೆ ಕೇಡೇ ಸರಿ. ಆದರೂ ರುಚಿಗೆ ಅಂಕ ಕೊಡುವವರು, ಓದು ಕೇಳುತ್ತ ಅದನ್ನು ಸುತ್ತಿದ ಕೈಗಳನ್ನು ಒಮ್ಮೆಯಾದರೂ ನೆನೆಯಬೇಕು.