ಮೂಳೆ ಟೊಳ್ಳಾಗುವುದಕ್ಕೆ ಮಾತ್ರೆ ತೆಗೆದುಕೊಂಡರೆ ಹತ್ತು ವರ್ಷ ಗರ್ಭಿಣಿಯಾಗಬಾರದೇ?

"ಆಸ್ಟಿಯೋಪೊರೋಸಿಸ್ ಮಾತ್ರೆ ಮೂಳೆಯಲ್ಲಿ ಹತ್ತು ವರ್ಷ ಉಳಿಯುತ್ತದೆ, ಅಲ್ಲಿಯವರೆಗೆ ತಾಯಿಯಾಗುವಂತಿಲ್ಲ" ಎಂಬ ಮಾತು ನಿಜವೇ ಎಂದು ನಾವು ಪರಿಶೀಲಿಸಿದೆವು. ಮೊದಲರ್ಧ ಬಹುತೇಕ ನಿಜ. ಎರಡನೆಯದು ಅದರಿಂದ ತೆಗೆದ ತಪ್ಪು ಲೆಕ್ಕ.

ಇದು ವಯಸ್ಸಾದವರ ಕಾಯಿಲೆಯಲ್ಲವೇ?

ಹೆಚ್ಚಾಗಿ ಹೌದು. ಆದರೆ ಲೂಪಸ್, ಸಂಧಿವಾತದಂಥ ಕಾಯಿಲೆಗೆ ತಿಂಗಳುಗಟ್ಟಲೆ ಸ್ಟಿರಾಯ್ಡ್ ತೆಗೆದುಕೊಳ್ಳುವ ಇಪ್ಪತ್ತು-ಮೂವತ್ತರ ಹೆಣ್ಣುಮಕ್ಕಳಲ್ಲೂ ಮೂಳೆ ಟೊಳ್ಳಾಗಬಹುದು. ಅಪರೂಪಕ್ಕೆ, ಮಗುವಿಗೆ ಹಾಲೂಡಿಸುವ ತಿಂಗಳುಗಳಲ್ಲೇ ತಾಯಿಯ ಬೆನ್ನುಮೂಳೆ ಕುಸಿಯುವುದೂ ಉಂಟು.

ಹತ್ತು ವರ್ಷದ ಮಾತು ಬಂದದ್ದೆಲ್ಲಿಂದ?

ಅಲೆಂಡ್ರೊನೇಟ್, ರೈಸೆಡ್ರೊನೇಟ್, ವರ್ಷಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಡುವ ಜೊಲೆಡ್ರೊನಿಕ್ ಆಸಿಡ್ ಇವೆಲ್ಲ ಬಿಸ್ಫಾಸ್ಫೊನೇಟ್ ಗುಂಪಿನ ಔಷಧಿಗಳು. ನುಂಗಿದ ಅಲೆಂಡ್ರೊನೇಟ್‌ನಲ್ಲಿ ರಕ್ತಕ್ಕೆ ಸೇರುವುದು ಶೇ. 1ಕ್ಕಿಂತ ಕಡಿಮೆ. ಅದರಲ್ಲಿ ಸುಮಾರು ಅರ್ಧ ಮೂತ್ರದಲ್ಲಿ ಹೋಗುತ್ತದೆ, ಉಳಿದದ್ದು ಮೂಳೆಗೆ ಅಂಟುತ್ತದೆ. ಹಾಗೆ ಅಂಟಿದ್ದರಲ್ಲಿ ಅರ್ಧ ಹೊರಬರಲು 10 ವರ್ಷಕ್ಕೂ ಹೆಚ್ಚು ಬೇಕು. ಆದರೆ ಇಷ್ಟು ನಿಧಾನ ಎಂದರೆ ದಿನಾ ರಕ್ತಕ್ಕೆ ಬರುವ ಪ್ರಮಾಣ ಅತ್ಯಲ್ಪ ಎಂದೇ ಅರ್ಥ. ಗೋಡೆಗೆ ಬಳಿದ ಸುಣ್ಣ ವರ್ಷಗಟ್ಟಲೆ ಇರುತ್ತದೆ, ದಿನಕ್ಕೆ ಉದುರುವುದು ಚಿಟಿಕೆಯಷ್ಟೂ ಅಲ್ಲ.

ಗರ್ಭಿಣಿ ಇಲಿಗಳಿಗೆ ಈ ಔಷಧಿ ಕೊಟ್ಟಾಗ ಕ್ಯಾಲ್ಸಿಯಂ ಕುಸಿದು ಹೆರಿಗೆ ಕಷ್ಟವಾಗಿದೆ, ಮರಿಗಳ ತೂಕ ಇಳಿದಿದೆ. ಮನುಷ್ಯರಲ್ಲಿ? ಗರ್ಭ ನಿಲ್ಲುವ ಮೊದಲು ಅಥವಾ ಆರಂಭದ ವಾರಗಳಲ್ಲಿ ಈ ಔಷಧಿ ತೆಗೆದುಕೊಂಡವರ ವರದಿಗಳಲ್ಲಿ, ಮಕ್ಕಳಿಗೆ ಇಂಥದ್ದೇ ದೊಡ್ಡ ನ್ಯೂನತೆ ಬರುತ್ತದೆ ಎಂಬ ಸ್ಪಷ್ಟ ಸುಳಿವಿಲ್ಲ. ಕೆಲವು ಶಿಶುಗಳಲ್ಲಿ ಕ್ಯಾಲ್ಸಿಯಂ ತಾತ್ಕಾಲಿಕವಾಗಿ ಕಡಿಮೆಯಾಗಿತ್ತು. ವರದಿಗಳೇ ಕಡಿಮೆ ಇರುವುದರಿಂದ "ಸಂಪೂರ್ಣ ಸುರಕ್ಷಿತ" ಎಂಬ ಫಾರ್ವರ್ಡ್ ಬಂದರೂ ನಂಬಬೇಡಿ. ಎಷ್ಟು ದಿನ ಕಾಯಬೇಕು ಎಂಬುದಕ್ಕೆ ಎಲ್ಲರಿಗೂ ಹೊಂದುವ ಒಂದೇ ಲೆಕ್ಕವಿಲ್ಲ. ಗರ್ಭಧಾರಣೆಗೆ 6ರಿಂದ 12 ತಿಂಗಳ ಮೊದಲು ನಿಲ್ಲಿಸಲು ಹೇಳುವ ವೈದ್ಯರು ಹೆಚ್ಚು.

ಗೊತ್ತಿಲ್ಲದೆ ಗರ್ಭ ನಿಂತಿದ್ದರೆ?

ಈ ಮಾತ್ರೆ ನುಂಗಿದ್ದೇ ಗರ್ಭ ತೆಗೆಸಲು ಕಾರಣವಲ್ಲ. ಹೆದರಿ ಮೆಡಿಕಲ್ ಶಾಪ್‌ಗೆ ಓಡಬೇಡಿ. ಮುಂದಿನ ಡೋಸ್ ತೆಗೆದುಕೊಳ್ಳದೆ ವೈದ್ಯರನ್ನು ಕಾಣಿ, ಔಷಧಿಯ ಹೆಸರು ಮತ್ತು ಕೊನೆಯ ಡೋಸ್‌ನ ದಿನ ಹೇಳಿ. ಹೆರಿಗೆಯ ನಂತರ ಮಗುವಿನ ಕ್ಯಾಲ್ಸಿಯಂ ಪರೀಕ್ಷಿಸಲು ಅದು ನೆರವಾಗುತ್ತದೆ.

ಡೆನೊಸುಮ್ಯಾಬ್ ವಿಷಯ ಬೇರೆ

ಆರು ತಿಂಗಳಿಗೊಮ್ಮೆ ಕೊಡುವ ಈ ಇಂಜೆಕ್ಷನ್ ಗರ್ಭಿಣಿಯರಿಗೆ ನಿಷಿದ್ಧ. ಕೋತಿಗಳ ಅಧ್ಯಯನದಲ್ಲಿ ಮರಿಗಳಿಗೆ ಹಾನಿಯಾಗಿದೆ. ಕೊನೆಯ ಡೋಸ್‌ನ ನಂತರ ಕನಿಷ್ಠ 5 ತಿಂಗಳು ಗರ್ಭನಿರೋಧಕ ಬಳಸಬೇಕು. ಹಾಗೆಂದು ನೀವೇ ನಿಲ್ಲಿಸಿಬಿಟ್ಟರೆ ಮೂಳೆ ವೇಗವಾಗಿ ಸವೆದು ಬೆನ್ನುಮೂಳೆ ಮುರಿಯುವ ಅಪಾಯವಿದೆ. ಆಮೇಲೆ ಸಾಮಾನ್ಯವಾಗಿ ಕೊಡುವುದು ಬಿಸ್ಫಾಸ್ಫೊನೇಟನ್ನೇ! ಹಾಗಾಗಿ ಮಗುವಿನ ಯೋಚನೆಯಿದ್ದರೆ ಈ ಇಂಜೆಕ್ಷನ್ ಶುರುಮಾಡುವ ಮೊದಲೇ ಹೇಳುವುದು ಒಳ್ಳೆಯದು.

ಮನೆಯಲ್ಲಿ ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆಗಳನ್ನೂ "ಮೂಳೆ ಮಾತ್ರೆ" ಎಂದೇ ಕರೆಯುತ್ತೇವೆ. ವೈದ್ಯರು ಬರೆದುಕೊಟ್ಟ ಅವನ್ನು ನಿಲ್ಲಿಸಬೇಡಿ. ಹುಟ್ಟುವ ಹೊತ್ತಿಗೆ ಮಗು ತಾಯಿಯಿಂದ ಸುಮಾರು 30 ಗ್ರಾಂ ಕ್ಯಾಲ್ಸಿಯಂ ಪಡೆದಿರುತ್ತದೆ, ಹೆಚ್ಚಿನದು ಕೊನೆಯ ಮೂರು ತಿಂಗಳಲ್ಲಿ. ಕಬ್ಬಿಣದ ಮಾತ್ರೆಯೊಂದಿಗೆ ಮಾತ್ರ ಕ್ಯಾಲ್ಸಿಯಂ ನುಂಗಬೇಡಿ, ಎರಡರ ನಡುವೆ ಕೆಲವು ಗಂಟೆ ಅಂತರವಿರಲಿ.