ಜೀಪಿನ ಹನ್ನೊಂದು ಇಂಚು

ಮೂಡಿಗೆರೆ, ಕಳಸ ಕಡೆಯ ತೋಟದ ದಾರಿಗಳಲ್ಲಿ ಓಡಾಡಿದವರಿಗೆ ಹಳೇ ಜೀಪು ಹೊಸದೇನಲ್ಲ. ಆದರೆ ಅದರಲ್ಲೂ ಗಿಡ್ಡ, ಉದ್ದ ಅಂತ ಇರೋದನ್ನ ಗಮನಿಸಿದ್ದೀರಾ?

ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನಲ್ಲಿ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಇದ್ದದ್ದು 80 ಇಂಚು. 1945ರಲ್ಲಿ ಶುರುವಾದ ಮಹೀಂದ್ರ ಕಂಪನಿ ಮುಂದೆ ಬೊಂಬಾಯಿಯಲ್ಲಿ ಇದೇ ಜೀಪನ್ನು ಜೋಡಿಸತೊಡಗಿತು. ಆಮೇಲೆ ಬಂದ ಎಂಎಂ 540ರಲ್ಲಿ ಆ ಅಂತರ 91 ಇಂಚಾಯಿತು. ಹೆಚ್ಚಿದ 11 ಇಂಚಿನಲ್ಲಿ ಇನ್ನಷ್ಟು ಜನ, ಇನ್ನಷ್ಟು ಕಾಫಿ ಮೂಟೆ!

ಆದರೆ ನಮ್ಮ ಗುಡ್ಡದ ದಾರಿಗೆ ಉದ್ದ ಆಗಿಬರೋದಿಲ್ಲ. ಕಡಿದಾದ ತಿರುವಿನಲ್ಲಿ ರಿವರ್ಸ್ ಹಾಕಲೇಬೇಕು. ದಿಣ್ಣೆ ಹತ್ತಿಳಿದರೆ ಹೊಟ್ಟೆ ನೆಲಕ್ಕೆ ತಾಗುತ್ತೆ. ಉದ್ದ ಜೀಪನ್ನು ಗಿಡ್ಡ ಮಾಡಿಸೋ ಆಸೆ ಹುಟ್ಟೋದು ಇಲ್ಲೇ.

ಕೆಲಸ ಮಾತ್ರ ಸಣ್ಣದಲ್ಲ. ಚಾಸಿಸ್‌ನ ಎರಡೂ ಪಟ್ಟಿ ಕತ್ತರಿಸಿ, ಒಳಗೆ ಪ್ಲೇಟು ಕೊಟ್ಟು ವೆಲ್ಡ್ ಮಾಡಬೇಕು. ಬಾಡಿ, ಬ್ರೇಕ್ ಪೈಪು, ಹಿಂದಿನ ಪ್ರೊಪೆಲ್ಲರ್ ಶಾಫ್ಟು ಎಲ್ಲವೂ ಗಿಡ್ಡವಾಗಬೇಕು. ಶಾಫ್ಟು ಮೋಟಾದಷ್ಟೂ ಅದರ ಓರೆ ಹೆಚ್ಚಿ, ಜಾಯಿಂಟ್ ಬೇಗ ಸವೆಯುತ್ತೆ. ವೆಲ್ಡಿಂಗ್ ಬಿಟ್ಟರಂತೂ ಹಿಂದೆ ಕೂತ ಆಳುಗಳ ಗತಿ?

ಕಾನೂನೂ ಒಪ್ಪೋದಿಲ್ಲ. ಕಂಪನಿ ಕೊಟ್ಟ ವಿವರಕ್ಕೂ ಗಾಡಿಗೂ ತಾಳೆಯಾಗದಂತೆ ಬದಲಾಯಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಹೇಳಿತು.

ಹಾಗಾಗಿ ಗಿಡ್ಡ ಜೀಪೇ ಬೇಕಿದ್ದರೆ ಹುಟ್ಟಾ ಗಿಡ್ಡವಾದದ್ದನ್ನೇ ಹುಡುಕೋದು ಒಳ್ಳೇದು. ಉದ್ದದ್ದೇ ಮನೆಯಲ್ಲಿದ್ದರೆ ಹಾಗೇ ಇರಲಿ ಬಿಡಿ. ತಿರುವಿನಲ್ಲಿ ಒಂದು ಸಲ ರಿವರ್ಸ್ ಹಾಕಿದರೆ ಹೋಗೋದು ಅರ್ಧ ನಿಮಿಷ ತಾನೇ?