ಕೃಷ್ಣಗಿರಿಯಲ್ಲಿ ನೃಪತುಂಗನ ಹೆಸರು

ಮುಂಬಯಿಯ ಕನ್ನಡಿಗರಲ್ಲಿ ಬೋರಿವಲಿಯ ಕಾಡಿನೊಳಗಣ ಕಾನ್ಹೇರಿ ಗುಹೆಗಳನ್ನು ಕಂಡವರು ಅನೇಕರು; ಅಲ್ಲಿ ನೃಪತುಂಗನ ಹೆಸರನ್ನು ಅರಸಿದವರು ವಿರಳ. ಮಾಗಿಯ ಒಂದು ಮುಂಜಾನೆ ಆ ಹೆಸರಿಗಾಗಿಯೇ ನಾನು ಬೆಟ್ಟವನ್ನೇರಿದೆನು.

ಶಾಸನಗಳು ಈ ಕ್ಷೇತ್ರವನ್ನು ಕೃಷ್ಣಗಿರಿಯೆಂದು ಕರೆಯುತ್ತವೆ. ಕರಿಯ ಬಂಡೆಯಲ್ಲಿ ನೂರಕ್ಕೂ ಮಿಕ್ಕ ಗುಹೆಗಳನ್ನು ಕೊರೆಯಲಾಗಿದೆ. ಹಲವು ಗುಹೆಗಳ ಅಂಗಳದಲ್ಲಿ ಮಳೆಯ ನೀರನ್ನು ಹಿಡಿದಿಡುವ ತೊಟ್ಟಿಗಳೂ ಅವುಗಳಿಗೆ ನೀರನ್ನೊಯ್ಯುವ ಕಾಲುವೆಗಳೂ ಇವೆ. ಮೂರನೆಯ ಗುಹೆಯ ಮಹಾಚೈತ್ಯವು ಶಾತವಾಹನ ಯಜ್ಞಶ್ರೀಯ ಹೆಸರಿನೊಡನೆ ಸೇರಿಕೊಂಡಿದೆ. ಅದರ ಮೊಗಸಾಲೆಯಲ್ಲಿ ನಿಂತ ಬುದ್ಧಮೂರ್ತಿಗಳ ಎದುರು ನಿಂತಾಗ ಮಾತು ತಾನಾಗಿ ಅಡಗಿತು.

ನಾನು ಅರಸಿ ಬಂದ ಅಕ್ಷರಗಳು ಇದಕ್ಕೂ ಬಹಳ ಈಚಿನವು. ರಾಷ್ಟ್ರಕೂಟ ಅಮೋಘವರ್ಷನು ಮಾನ್ಯಖೇಟದಿಂದ ಆಳಿದ್ದು ಕ್ರಿ. ಶ. ೮೧೪ರಿಂದ ೮೭೮ರವರೆಗೆ. ಅವನ ಆಳಿಕೆಯ ಕಾಲದ ಮೂರು ಶಾಸನಗಳು ಇಲ್ಲಿವೆ. ಅವುಗಳಲ್ಲಿ ಶಕವರ್ಷ ೭೭೫ ಎಂದು ಹೇಳುವ ಶಾಸನವು ಚಕ್ರವರ್ತಿಯನ್ನೂ, ಅವನ ಅಧೀನದಲ್ಲಿ ಕೊಂಕಣವನ್ನಾಳುತ್ತಿದ್ದ ಶಿಲಾಹಾರ ಕಪರ್ದಿಯನ್ನೂ ಹೆಸರಿಸಿ, ಅನಂತರ ದಾನಿಯ ಸಂಗತಿಗೆ ಬರುತ್ತದೆ. ಆ ದಾನಿ ಗೌಡದೇಶದ, ಎಂದರೆ ವಂಗಭೂಮಿಯ, ಅವಿಘ್ನಾಕರ. ಭಿಕ್ಷುಗಳ ಧ್ಯಾನಕ್ಕೆ ಕೋಣೆಗಳನ್ನು ಮಾಡಿಸಿ ಆತನು ನೂರು ದ್ರಮ್ಮಗಳನ್ನು ಶಾಶ್ವತನಿಧಿಯಾಗಿ ಇಟ್ಟನು.

ಇಲ್ಲಿ ನಮ್ಮವರ ಅಭಿಮಾನಕ್ಕೆ ಒಂದು ಎಚ್ಚರಿಕೆ ಬೇಕು. ನೃಪತುಂಗನ ಹೆಸರಿದೆಯೆಂದು ಈ ಬೆಟ್ಟವನ್ನು ಕನ್ನಡನಾಡೆಂದು ಸಾರಲಾಗದು. ಈ ಶಾಸನಗಳ ಭಾಷೆ ಸಂಸ್ಕೃತ, ವಿಹಾರವು ಬೌದ್ಧರದು, ಅರಸನಾದರೋ ಜಿನಭಕ್ತನೆಂದು ಪ್ರಸಿದ್ಧ. ಅವನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವು ಕನ್ನಡದ ನಾಡಿಗೆ ಕಾವೇರಿ-ಗೋದಾವರಿಗಳ ಎಲ್ಲೆಯನ್ನು ಹೇಳುತ್ತದೆ, ರಾಜ್ಯದ ಎಲ್ಲೆಯು ಬೇರೆ, ನುಡಿಯ ಎಲ್ಲೆಯು ಬೇರೆ. ಮಾನ್ಯಖೇಟದ ಹಿರಿಮೆಯನ್ನು ಬೇರೊಂದು ಕಡೆ ಕಾಣಬೇಕು: ಪರಧರ್ಮದ ವಿಹಾರದಲ್ಲಿ, ಪರದೇಶದಿಂದ ಬಂದವನ ದಾನವು, ಅವನ ಊರಿನ ಹೆಸರಿನೊಡನೆಯೇ, ಚಕ್ರವರ್ತಿಯ ಹೆಸರಿನ ಕೆಳಗೆ ಕಲ್ಲಿನಲ್ಲಿ ನಿಂತಿತು.

ಮುಂದೆ ತೊಂಬತ್ತನೆಯ ಗುಹೆಯಲ್ಲಿ ೧೦೦೯ರಲ್ಲಿಯೂ ೧೦೨೧ರಲ್ಲಿಯೂ ಬಂದ ಪಾರಸಿ ಯಾತ್ರಿಕರು ತಮ್ಮ ಹೆಸರುಗಳನ್ನು ಪಹ್ಲವಿ ಲಿಪಿಯಲ್ಲಿ ಬರೆದಿಟ್ಟಿದ್ದಾರೆ. ಗೌಡದೇಶದವನೂ ಪಾರಸಿಯೂ ತಮ್ಮ ಮೂಲವನ್ನು ಮರೆಮಾಚದೆ ಇಲ್ಲಿಯವರಾದರು.

ಹೊರನಾಡಿನಲ್ಲಿ ಬಾಳುವ ನಮಗೆ ಇದಕ್ಕಿಂತ ಹತ್ತಿರದ ಪಾಠ ಬೇರೆ ಯಾವುದು? ಈ ನೆಲ ಹಿಂದೆ ನಮ್ಮ ಅರಸನದಾಗಿತ್ತೆಂಬುದರಿಂದ ನಮಗೆ ಇಲ್ಲಿ ಹಕ್ಕು ಬರುವುದಿಲ್ಲ. ಅವಿಘ್ನಾಕರನು ಇಲ್ಲಿ ನೆನಪಾಗಿ ಉಳಿದದ್ದು ತಾನು ಕೊಟ್ಟುದರಿಂದ. ಇಳಿಹೊತ್ತಿನಲ್ಲಿ ಮೆಟ್ಟಲಿಳಿಯುವಾಗ, ಹತ್ತುವಾಗ ಮನಸ್ಸಿನಲ್ಲಿದ್ದ ಅರಸನಿಗಿಂತ, ಆ ದಾನಿಯೇ ನನ್ನ ಜೊತೆಯಲ್ಲಿ ನಡೆದು ಬಂದನು.